ಹೊಳೆಯ ಮೆಟ್ಟಿಲಿಗೆ ಬ್ಲೀಚಿಂಗ್ ಪೌಡರ್ ಸುರಿಯಬೇಡಿ: ಕೊಡಗಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥದ ದಂಡೆಯಲ್ಲಿರುವ ಪಂಚಾಯಿತಿಗಳ ಅಧ್ಯಕ್ಷರೇ, ಪಿಡಿಒಗಳೇ, ಮತ್ತೆ ನನ್ನ ಹಾಗೆ ತೋಡಿನ (ಸಣ್ಣ ಹಳ್ಳದ) ಪಕ್ಕದಲ್ಲೇ ಕಾಫಿ ತೋಟ ಇಟ್ಟುಕೊಂಡಿರುವ ಬೆಳೆಗಾರರೇ,

ನಮಸ್ಕಾರ.

ಸ್ನಾನಘಟ್ಟದ ಮೆಟ್ಟಿಲು ಜಾರುತ್ತಿದೆ ಅಂತ ಯಾರಾದರೂ ಹೇಳಿದ ಕೂಡಲೇ ಬ್ಲೀಚಿಂಗ್ ಪೌಡರಿನ ಚೀಲ ಹೊತ್ತು ತರುವ ಅಭ್ಯಾಸ ನಿಲ್ಲಬೇಕು. ನಾನು ಕೇಳುತ್ತಿರುವುದು ಮುಖ್ಯವಾಗಿ ಇಷ್ಟೇ. ಯಾಕೆ ನಿಲ್ಲಬೇಕು, ಅದರ ಬದಲು ಏನು ಮಾಡಬಹುದು ಅನ್ನೋದನ್ನು ಸ್ವಲ್ಪ ಉದ್ದವಾಗಿ ಬರೆದಿದ್ದೇನೆ, ದಯವಿಟ್ಟು ಓದಿ.

ಊರಿನ ಹೆಸರು ಬೇಡ. ಅಲ್ಲಿ ಅಕ್ಟೋಬರ್‌ನ ಕಾವೇರಿ ಸ್ನಾನದ ಹಬ್ಬ ತುಲಾ ಸಂಕ್ರಮಣಕ್ಕೆ ಮುಂಚೆ ಮೆಟ್ಟಿಲುಗಳ ಮೇಲೆ ಪೌಡರ್ ಚೆಲ್ಲಿ, ಪೊರಕೆ ಹಿಡಿದು ಗುಡಿಸಿ, ಬಿಳಿ ನೀರನ್ನೆಲ್ಲ ಹೊಳೆಗೇ ತಳ್ಳಿದರು. ಮೆಟ್ಟಿಲು ಬೆಳ್ಳಗಾಯಿತು, ಫೋಟೋನೂ ತೆಗೆದರು. ಸ್ವಲ್ಪ ಕೆಳಗಿನ ಮಡುವಿನಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು, ಅದರ ಫೋಟೋ ಮಾತ್ರ ಯಾರೂ ತೆಗೆಯಲಿಲ್ಲ. ದೀಪಾವಳಿ ಕಳೆಯುವಷ್ಟರಲ್ಲಿ ಅದೇ ಮೆಟ್ಟಿಲು ಮೊದಲಿಗಿಂತ ಜಾಸ್ತಿ ಜಾರುತ್ತಿತ್ತು. ಹೋಗಿ ಕೇಳಿದೆ. "ಪಾಚಿ ಅಲ್ವಾ ಸಾರ್, ಬಂದೇ ಬರುತ್ತೆ, ಮುಂದಿನ ವರ್ಷ ಇನ್ನೊಂದು ಚೀಲ ಜಾಸ್ತಿ ಹಾಕೋಣ" ಅಂದರು.

ಪಾಚಿ ಬಂದೇ ಬರುತ್ತೆ ಅನ್ನೋದು ನಿಜ. ನೀರಿನಲ್ಲಿ ಮುಳುಗಿದ ಯಾವ ವಸ್ತುವೂ ಬರಿದಾಗಿ ಉಳಿಯುವುದಿಲ್ಲ. ಕಲ್ಲಾಗಲಿ, ಸೇತುವೆಯ ಕಂಬವಾಗಲಿ, ನಮ್ಮ ಪಂಪಿನ ಫುಟ್‌ವಾಲ್ವ್ ಆಗಲಿ, ದೋಣಿಯ ತಳವಾಗಲಿ, ಎಲ್ಲಕ್ಕೂ ಒಂದೇ ಕಥೆ. ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ, ನೀರಲ್ಲಿ ಕರಗಿರುವ ಸಾವಯವ ಪದಾರ್ಥ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಹತ್ತಿಕೊಳ್ಳುತ್ತದೆ. ಕೆಲವು ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಬಂದು ಕೂತು, ತಮ್ಮ ಸುತ್ತ ಲೋಳೆ ಸ್ರವಿಸಿಕೊಂಡು ಬೇರೂರುತ್ತವೆ. ಆ ಲೋಳೆಯ ಮೇಲೆ ಡಯಾಟಮ್ ಬರುತ್ತವೆ. ಇವು ಒಂದೇ ಜೀವಕೋಶದ ಪಾಚಿಗಳು, ಮೈಮೇಲೆ ಗಾಜಿನಂಥ ಸಿಲಿಕಾ ಚಿಪ್ಪು ಇರುತ್ತದೆ, ಕಲ್ಲಿಗೆ ಆ ಕಂದು ಬಣ್ಣ ಕೊಡುವುದು ಇವೇ. ಆಮೇಲೆ, ಬಿಸಿಲು ಮತ್ತು ಗೊಬ್ಬರ ಸಿಕ್ಕರೆ, ಎಳೆ ಎಳೆಯಾದ ಹಸಿರು ಪಾಚಿ. ಅದರ ಸಂದಿಯಲ್ಲಿ ಹುಳುಗಳ ಮರಿಗಳು, ಬಸವನಹುಳುಗಳು. ಸಮುದ್ರದಲ್ಲಾದರೆ ಇದು ಇಲ್ಲಿಗೆ ನಿಲ್ಲದೆ ಬಾರ್ನಕಲ್ (ಗಟ್ಟಿಯಾಗಿ ಅಂಟಿ ಕೂರುವ ಸಣ್ಣ ಚಿಪ್ಪಿನ ಪ್ರಾಣಿ) ಮತ್ತು ಬೇರೆ ಚಿಪ್ಪುಜೀವಿಗಳವರೆಗೆ ಹೋಗುತ್ತದೆ, ಹಡಗಿನ ತಳ ಒರಟಾಗಿ ಡೀಸೆಲ್ ಖರ್ಚು ಏರುತ್ತದೆ. ನಮ್ಮ ಹೊಳೆಯಲ್ಲಿ ಬಾರ್ನಕಲ್ ಇಲ್ಲ, ಪುಣ್ಯ.

ಕಾಲು ಜಾರುವುದು ಆ ಲೋಳೆಯಿಂದ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಪಾದಕ್ಕೂ ಕಲ್ಲಿಗೂ ನಡುವೆ ಒಂದು ನೀರಿನ ಪದರ ನಿಂತ ಮೇಲೆ ಹಿಡಿತ ಎಲ್ಲಿಂದ ಬರಬೇಕು? ಅದರ ಮೇಲೆ, ಹೊಸದಾಗಿ ಕಟ್ಟುವ ಮೆಟ್ಟಿಲುಗಳಿಗೆ ಚೆಂದ ಕಾಣಲಿ ಅಂತ ನಯ ಮಾಡಿದ ಗ್ರಾನೈಟ್ ಹಾಕುತ್ತೇವೆ. ಮನೆಯ ಹಾಲ್‌ಗೆ ಹಾಕುವ ಕಲ್ಲನ್ನು ಹೊಳೆಗೆ ಹಾಕಬೇಕು ಅಂತ ಯಾರಿಗೆ ಹೊಳೆಯಿತೋ ಗೊತ್ತಿಲ್ಲ.

ಈಗ ಬ್ಲೀಚಿಂಗ್ ಪೌಡರ್ ಹಾಕಿದರೆ ಏನಾಗುತ್ತದೆ ನೋಡಿ. ಕ್ಲೋರಿನ್ ಮೇಲಿನ ಪದರವನ್ನು ಕೊಲ್ಲುತ್ತದೆ, ಬಣ್ಣ ತೆಗೆಯುತ್ತದೆ. ಲೋಳೆಯ ಅಡಿಯಲ್ಲಿ, ಕಲ್ಲಿನ ಸಣ್ಣ ಸಣ್ಣ ಗುಳಿಗಳಲ್ಲಿ ಕೂತಿರುವ ಜೀವಕೋಶಗಳವರೆಗೆ ಅದು ಹೋಗುವುದೇ ಕಷ್ಟ, ಯಾಕೆಂದರೆ ಮೇಲಿನ ಲೋಳೆಯೊಂದಿಗೆ ಸೇರಿಯೇ ಅದರ ಶಕ್ತಿ ಮುಗಿದುಹೋಗಿರುತ್ತದೆ. ಉಳಿದವು ಸತ್ತ ಪದರವನ್ನೇ ತಿಂದು ಮತ್ತೆ ಬೆಳೆಯುತ್ತವೆ. ಸಾಯುವುದು ಯಾವುದು ಅಂದರೆ, ಆ ಪಾಚಿಯನ್ನು ದಿನಾ ಮೇಯ್ದು ತೆಳ್ಳಗೆ ಇಡುತ್ತಿದ್ದ ಪ್ರಾಣಿಗಳು. ನಮ್ಮ ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ಭಾರತೀಯ ಮಾನಕ. ಮನುಷ್ಯರಿಗೆ ಅದರಿಂದ ಏನೂ ಆಗಲ್ಲ. ಅನೇಕ ಮೀನುಗಳನ್ನು ಕೊಲ್ಲಲು ಅದಕ್ಕಿಂತ ಕಡಿಮೆಯೇ ಸಾಕು, ಮನೆಯಲ್ಲಿ ಅಕ್ವೇರಿಯಂ ಇಟ್ಟವರನ್ನು ಕೇಳಿ, ನಲ್ಲಿ ನೀರನ್ನು ಹಾಗೇ ಸುರಿಯಲು ಯಾಕೆ ಹೆದರುತ್ತಾರೆ ಅಂತ. ಮೇಯುವವರನ್ನು ಕೊಂದು ಹುಲ್ಲು ಬೇಗ ಬೆಳೆಯಿತು ಅಂತ ದೂರುವುದು ಎಲ್ಲಿಯ ನ್ಯಾಯ?

ಮೇಯುವವರು ಯಾರು ಅಂತ ನೋಡಲು ಹೊಳೆಗೆ ಇಳಿದು ಒಂದು ಕಲ್ಲು ಎತ್ತಿದರೆ ಸಾಕು. ಬಾಲಕ್ಕೆ ಎರಡೋ ಮೂರೋ ಎಳೆ ಇರುವ ಚಪ್ಪಟೆ ಮರಿಹುಳುಗಳು ಓಡುತ್ತವೆ, ರೆಕ್ಕೆ ಬಂದ ಮೇಲೆ ಸಂಜೆ ದೀಪದ ಸುತ್ತ ಹಾರುವ ಮೇಫ್ಲೈಗಳ ಮರಿಗಳು ಅವು. ಬಸವನಹುಳು ಇರುತ್ತವೆ. ಬಾಯಿಯನ್ನು ಕಲ್ಲಿಗೆ ಒತ್ತಿ ಪಾಚಿ ಕೆರೆದು ತಿನ್ನುವ ಸಣ್ಣ ಮೀನುಗಳು ಇರುತ್ತವೆ. ಪಶ್ಚಿಮ ಘಟ್ಟದ ಇಂಡಿರಾನಾ ಕಪ್ಪೆಗಳ ಗೊದಮೊಟ್ಟೆಗಳಂತೂ ನೀರಲ್ಲಿ ಈಜುವುದೇ ಇಲ್ಲ ಅನ್ನಬಹುದು. ನೀರು ಜಿನುಗುವ ಬಂಡೆಯ ಮೇಲೆ ಅಂಟಿಕೊಂಡು ಅಲ್ಲಿನ ಪದರವನ್ನೇ ಕೆರೆದು ತಿಂದು ದೊಡ್ಡವಾಗುತ್ತವೆ. ಇವೆಲ್ಲವನ್ನೂ ತಿನ್ನುವ ದೊಡ್ಡ ಮೀನು, ನೀರುನಾಯಿ, ಮೀಂಚುಳ್ಳಿ. ಕಾವೇರಿಯ ಮಹಶೀರ್ ಉಳಿಸಬೇಕು ಅಂತ ಭಾಷಣ ಮಾಡುತ್ತೇವೆ, ಆ ಮೀನು 2018ರಿಂದ ಅಳಿವಿನ ಅಂಚಿನಲ್ಲಿರುವ ಪಟ್ಟಿಯಲ್ಲಿದೆ. ಅದರ ಊಟದ ತಟ್ಟೆ ಶುರುವಾಗುವುದೇ ನಾವು ಕೊಳೆ ಅಂತ ಉಜ್ಜುವ ಈ ಪದರದಿಂದ.

ಇನ್ನೊಂದು ವಿಷಯ, ಇದು ನನಗೆ ಬಹಳ ಇಷ್ಟವಾದದ್ದು. ಮಳೆಗಾಲ ಮುಗಿದು ಹೊಳೆ ಇಳಿಯುವಾಗ ಬಂಡೆಗಳ ಮೇಲೆ ಕೆಂಪು, ನೇರಳೆ ಛಾಯೆಯ ಪಾಚಿಯಂಥದ್ದು ಕಾಣುತ್ತದೆ. ಅದು ಪಾಚಿಯಲ್ಲ. ಪೊಡೊಸ್ಟಿಮೇಸಿ ಅನ್ನುವ ಕುಟುಂಬದ ಹೂ ಬಿಡುವ ಗಿಡ. ಮಣ್ಣು ಬೇಡ, ನೊರೆ ಎಬ್ಬಿಸಿ ಹರಿಯುವ ನೀರಲ್ಲಿ ಬರೀ ಬಂಡೆಗೆ ಅಂಟಿ ಬೆಳೆಯುತ್ತದೆ, ನೀರು ತಗ್ಗಿ ಮೈಗೆ ಗಾಳಿ ತಾಗಿದ ಕೂಡಲೇ ಗಡಿಬಿಡಿಯಲ್ಲಿ ಹೂ ಬಿಟ್ಟು, ಬೀಜ ಉದುರಿಸಿ ಒಣಗುತ್ತದೆ. ಅದು ಬಂಡೆಗೆ ಹಿಡಿದುಕೊಳ್ಳುವುದಕ್ಕೂ ಮೊದಲೇ ಅಲ್ಲಿ ಕೂತಿರುವ ಬ್ಯಾಕ್ಟೀರಿಯಾಗಳ ಅಂಟು ಪದರದ ನೆರವು ಬೇಕು. ಪಶ್ಚಿಮ ಘಟ್ಟದ ಹೊಳೆಗಳು ಇಂಥ ಗಿಡಗಳಿಗೆ ಹೆಸರಾದವು. ಹಬ್ಬದ ಹೊತ್ತಿಗೆ ಸರಿಯಾಗಿ, ಅದು ಹೂ ಬಿಡುವ ತಯಾರಿಯಲ್ಲಿರುವಾಗಲೇ ನಾವು ಪೌಡರ್ ತಗೊಂಡು ಹೋಗುತ್ತೇವೆ.

ಬ್ಲೀಚಿಂಗ್ ಬೇಡ ಅಂದರೆ ಕೆಲವರು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹಾಕೋಣ ಅನ್ನುತ್ತಾರೆ. ಬೆಳೆಗಾರರ ತಲೆಗೆ ಇದು ಬೇಗ ಬರುತ್ತದೆ, ಎಲ್ಲರ ಗೋಡೌನಿನಲ್ಲೂ ಮೈಲುತುತ್ತ ಇರುತ್ತದಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಮೆಣಸಿನ ಬಳ್ಳಿಯ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ರೆಡಿ. ಅದು ಬಳ್ಳಿಗೆ ಸರಿ. ಹರಿಯುವ ನೀರಿಗೆ ಖಂಡಿತ ಬೇಡ. ತಾಮ್ರ ಪಾಚಿಯನ್ನು ಕೊಲ್ಲುತ್ತದೆ, ಮೀನನ್ನೂ ಬಸವನಹುಳುವನ್ನೂ ಕೊಲ್ಲುತ್ತದೆ. ಅದರಲ್ಲೂ ನಮ್ಮ ಕಡೆಯ ಹೊಳೆಗಳದು ಮೆದು ನೀರು, ಸೋಪು ಹಚ್ಚಿದರೆ ಬೇಗ ನೊರೆ ಬರುತ್ತದೆ, ಅಂದರೆ ಸುಣ್ಣದ ಅಂಶ ಕಡಿಮೆ. ಇಂಥ ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಈ ಮಾತು ಬಂದಾಗಲೇ ಹೇಳಿಬಿಡುತ್ತೇನೆ, ಬೋರ್ಡೋ ಹೊಡೆದ ಮೇಲೆ ಸ್ಪ್ರೇಯರ್ ಮತ್ತು ಡ್ರಮ್ಮನ್ನು ತೋಡಿನಲ್ಲಿ ತೊಳೆಯುವವರು ಇನ್ನೂ ಇದ್ದಾರೆ. ದಯವಿಟ್ಟು ತೋಟದೊಳಗೇ ತೊಳೆಯಿಸಿ.

ವಿಷ ಬಳಿದು ನೀರಲ್ಲಿ ಅಂಟುವ ಜೀವಿಗಳನ್ನು ದೂರ ಇಡುವ ಪ್ರಯತ್ನ ಇವತ್ತಿನದಲ್ಲ. 1761ರಲ್ಲಿ ಬ್ರಿಟಿಷ್ ನೌಕಾಪಡೆ ಅಲಾರಂ ಅನ್ನುವ ಹಡಗಿನ ಮರದ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಜೀವಿಗಳು ಹತ್ತುವುದು ಕಡಿಮೆಯಾಯಿತು, ಆದರೆ ತಾಮ್ರದ ಜೊತೆ ಸೇರಿದ ಕಡೆಯಲ್ಲೆಲ್ಲ ಹಡಗಿನ ಕಬ್ಬಿಣದ ಮೊಳೆಗಳು ತಿಂದುಹೋದವು. ಇಪ್ಪತ್ತನೇ ಶತಮಾನದಲ್ಲಿ ತಾಮ್ರಕ್ಕಿಂತ ಬಲವಾದದ್ದು ಬೇಕು ಅಂತ ಟ್ರೈಬ್ಯುಟೈಲ್‌ಟಿನ್ ಅನ್ನುವ ತವರದ ಸಂಯುಕ್ತ ಬೆರೆಸಿದ ಪೇಂಟ್ ಬಂತು. ಹಡಗಿನವರಿಗೆ ಖುಷಿಯೋ ಖುಷಿ. ಅಷ್ಟರಲ್ಲಿ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿ ಸಾಕುವವರು ತಲೆ ಮೇಲೆ ಕೈ ಹೊತ್ತು ಕೂತರು. ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪವಾಗುತ್ತಿತ್ತು, ಮರಿಗಳು ಬದುಕುತ್ತಿರಲಿಲ್ಲ. ಬೇರೆ ಕಡೆ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆಯತೊಡಗಿತು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಆ ಪೇಂಟನ್ನು ನಿಷೇಧಿಸಿತು. ಇಡೀ ಪ್ರಪಂಚಕ್ಕೆ ಅನ್ವಯಿಸುವ ಒಪ್ಪಂದ ಆದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರಲ್ಲಿ. ಅಷ್ಟು ವರ್ಷ ವಿಷ ಇಳಿಯುತ್ತಲೇ ಇತ್ತು. ಅದು ಸಮುದ್ರ, ಅಷ್ಟು ದೊಡ್ಡದು. ನಮ್ಮದು ಏಪ್ರಿಲ್‌ನಲ್ಲಿ ಮೊಣಕಾಲು ಮುಳುಗದ ಹೊಳೆ.

ನನಗೆ ಇನ್ನೂ ಬೇಜಾರು ತರುವುದು ಬೇರೆ. ಕಲ್ಲಿನ ಮೇಲಿನ ಪದರ ಇದ್ದಕ್ಕಿದ್ದಂತೆ ದಪ್ಪವಾದರೆ ಬಹಳ ಸಲ ಅದಕ್ಕೆ ಮೇಲಿನಿಂದ ಯಾರೋ ಊಟ ಹಾಕುತ್ತಿದ್ದಾರೆ ಅಂತ ಅರ್ಥ. ಪೌಡರ್ ಹಾಕಿ ತೊಳೆದರೆ ಆ ಸಾಕ್ಷಿಯನ್ನು ನಾವೇ ಅಳಿಸಿದ ಹಾಗೆ.

ಒಳ್ಳೆ ಹೊಳೆಯ ಕಲ್ಲು ಮುಟ್ಟಿದರೆ ತೆಳ್ಳಗೆ ಕಂದು ಪದರ ಬೆರಳಿಗೆ ಹತ್ತುತ್ತದೆ, ಡಯಾಟಮ್‌ಗಳದ್ದು, ಅದು ಇರಲೇಬೇಕು. ಹಸಿರು ಕೂದಲಿನಂತೆ ಉದ್ದುದ್ದ ಎಳೆಗಳು ಹರಿಯುತ್ತಿದ್ದರೆ ಬಿಸಿಲಿನ ಜೊತೆ ಸಾರಜನಕ, ರಂಜಕ ಜಾಸ್ತಿ ಸಿಗುತ್ತಿದೆ. ಬಟ್ಟೆ ಒಗೆಯುವ ಪೌಡರ್ ಇರಬಹುದು, ತೋಟದ ಯೂರಿಯಾ ಇರಬಹುದು, ಹೋಂಸ್ಟೇಯ ಪಿಟ್ ತುಂಬಿ ಹರಿಯುತ್ತಿರಬಹುದು. ಇನ್ನು ಮೂರನೆಯದು ಬೂದು ಬಣ್ಣದ್ದು. ಕಲ್ಲುಗಳಿಂದ, ನೀರಿಗೆ ಬಾಗಿದ ಕೊಂಬೆಗಳಿಂದ ಜೋತುಬಿದ್ದು, ಮುಟ್ಟಿದರೆ ಲೊಳಲೊಳ ಅನ್ನುತ್ತದೆ, ವಾಸನೆ ಬರುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಸ್ಫೇರೋಟಿಲಸ್ ಅನ್ನುವ ಬ್ಯಾಕ್ಟೀರಿಯಾ. ಅದಕ್ಕೆ ಬಿಸಿಲು ಬೇಡ, ಸಕ್ಕರೆ ಅಥವಾ ಕೊಳೆಯುವ ಪದಾರ್ಥ ಬೇಕು. ಹಾಗಾಗಿ ಇದು ಸುಮ್ನೆ ಬರುವುದಿಲ್ಲ. ಚರಂಡಿ ನೀರು ಸೇರುವ ಕಡೆ ಬರುತ್ತದೆ, ಕಾಫಿ ಪಲ್ಪಿಂಗ್ ನೀರು ಸೇರುವ ಕಡೆ ಬರುತ್ತದೆ.

ಪಲ್ಪಿಂಗ್ ವಿಷಯ ಬೆಳೆಗಾರರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಊರಿನ ಬೇರೆಯವರಿಗಾಗಿ ಹೇಳುತ್ತೇನೆ. ಅರೇಬಿಕಾ ಕಾಫಿ ಹಣ್ಣನ್ನು ಪಾರ್ಚ್‌ಮೆಂಟ್ (ತೆಳು ಹೊಟ್ಟಿನ ಸಮೇತ ಒಣಗಿಸಿದ ಬೀಜ) ಮಾಡುವಾಗ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಸಿಹಿ ಅಂಟನ್ನು ತೊಳೆಯಬೇಕು. ಆ ನೀರಿನಲ್ಲಿ ಸಕ್ಕರೆ, ಪೆಕ್ಟಿನ್, ಹುಳಿ ಎಲ್ಲ ಇರುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಹೀಗೆ ಎಳೆದುಕೊಳ್ಳುವ ಪ್ರಮಾಣಕ್ಕೆ ಬಿಒಡಿ ಅಂತಾರೆ. ಮನೆಗಳ ಚರಂಡಿ ನೀರಿನಲ್ಲಿ ಅದು ಲೀಟರಿಗೆ 200ರಿಂದ 300 ಮಿಲಿಗ್ರಾಂ ಆಸುಪಾಸು, ಪಲ್ಪಿಂಗ್ ನೀರಿನಲ್ಲಿ ಸಾವಿರಗಳ ಲೆಕ್ಕ. ಹೊಳೆಗೆ ಬಿಡುವ ಯಾವುದೇ ತ್ಯಾಜ್ಯ ನೀರಿಗೆ ಸಾಮಾನ್ಯ ಮಿತಿ 30. ಗುಂಡಿ ತೋಡಿ, ಸೋರದ ಹಾಗೆ ಹಾಳೆ ಹಾಸಿ, ಸುಣ್ಣ ಹಾಕಿ ನಿಲ್ಲಿಸಬೇಕು ಅನ್ನೋದು ಎಲ್ಲರಿಗೂ ಗೊತ್ತು, ಬಹಳ ಜನ ಮಾಡುತ್ತಾರೆ ಕೂಡ. ಮಾಡದವರು ಆ ನೀರನ್ನು ಹೊಳೆಗೆ ಬಿಡುವುದು ರಾತ್ರಿ ಹೊತ್ತು. ಬೆಳಗ್ಗೆ ಅಧಿಕಾರಿಗಳು ಬಂದು ಬಾಟಲಿಯಲ್ಲಿ ನೀರು ಹಿಡಿದರೆ ಏನೂ ಸಿಗಲ್ಲ, ಆ ನೀರು ಆಗಲೇ ಎಷ್ಟೋ ಮೈಲಿ ಕೆಳಗೆ ಹೋಗಿರುತ್ತದೆ. ಕಲ್ಲಿನ ಮೇಲಿನ ಬೂದು ಪದರ ಮಾತ್ರ ಅಲ್ಲೇ ಇರುತ್ತದೆ, ಒಂದೇ ರಾತ್ರಿಯಲ್ಲಿ ಮಾಯವಾಗುವುದಿಲ್ಲ. ಹರಿದುಹೋದ ನೀರಿನ ಲೆಕ್ಕ ಇಟ್ಟುಕೊಳ್ಳುವುದು ಹೊಳೆಯಲ್ಲಿ ಅದೊಂದೇ.

ಸಮಯವೂ ಹಾಗೇ ಕೂಡಿಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಕಲ್ಲುಗಳನ್ನು ಉರುಳಿಸಿ ತಾನೇ ತೊಳೆದುಕೊಳ್ಳುತ್ತದೆ. ನವೆಂಬರ್‌ನಿಂದ ನೀರು ಇಳಿಯುತ್ತದೆ, ತಿಳಿಯಾಗುತ್ತದೆ, ಬಿಸಿಲು ತಳ ಮುಟ್ಟುತ್ತದೆ, ಅದೇ ಹೊತ್ತಿಗೆ ಕೊಯ್ಲು ಮತ್ತು ಪಲ್ಪಿಂಗ್. ಫೆಬ್ರವರಿ, ಮಾರ್ಚ್‌ಗೆ ಬಂದರೆ ರೋಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್, ಹೊಳೆಯುದ್ದಕ್ಕೂ ಪಂಪುಗಳು. ಊಟ ಜಾಸ್ತಿ, ನೀರು ಕಡಿಮೆ. ಮಾರ್ಚ್‌ನಲ್ಲಿ ಫುಟ್‌ವಾಲ್ವ್ ಜಾಲರಿ ಪದೇ ಪದೇ ಕಟ್ಟಿಕೊಳ್ಳುತ್ತದೆ ಅಂತ ಬಯ್ಯುವ ನಾವು ಡಿಸೆಂಬರ್‌ನಲ್ಲಿ ತೋಡಿಗೆ ಏನು ಬಿಟ್ಟೆವು ಅಂತ ಒಂದು ಸಲ ಯೋಚನೆ ಮಾಡಬಹುದು.

ಕಲ್ಲು ನೋಡಿ ನೀರಿನ ಗುಣ ಹೇಳುವುದು ನಾನು ಕಂಡುಹಿಡಿದ ವಿದ್ಯೆ ಏನಲ್ಲ. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಅನ್ನುವವರು 1908, 1909ರಲ್ಲೇ ಯಾವ ಜೀವಿ ಎಷ್ಟು ಕೊಳಕು ನೀರಿನಲ್ಲಿ ಬದುಕುತ್ತದೆ ಅಂತ ಪಟ್ಟಿ ಮಾಡಿದ್ದರು. ನಮ್ಮ ರಾಜ್ಯದ ಜೋಗದ ಡಯಾಟಮ್‌ಗಳನ್ನು ಎಚ್. ಪಿ. ಗಾಂಧಿ ಅನ್ನುವ ವಿಜ್ಞಾನಿ ಎಷ್ಟೋ ವರ್ಷಗಳ ಹಿಂದೆಯೇ ಕೂತು ದಾಖಲಿಸಿದ್ದಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿಯೂ ನದಿಯ ತಳದ ಹುಳುಗಳನ್ನು ನೋಡಿ ನೀರಿಗೆ ದರ್ಜೆ ಕೊಡುವ ವಿಧಾನ ಇದೆ. ಹೊಸ ಲ್ಯಾಬ್ ಬೇಕಾಗಿಲ್ಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಕಾಲೇಜುಗಳಲ್ಲಿ ಮೈಕ್ರೋಸ್ಕೋಪ್ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೇ ಇದೆ. ಹುಡುಗರಿಗೆ ಹಳೆಯ ಟೂತ್‌ಬ್ರಶ್ ಕೊಟ್ಟು ಕಲ್ಲು ಉಜ್ಜಿ ಒಂದು ಬಾಟಲಿಗೆ ಇಳಿಸಿಕೊಂಡು ಬನ್ನಿ ಅಂದರೆ ಖುಷಿಯಿಂದ ಹೋಗುತ್ತಾರೆ.

ಹಾಗಾದರೆ ಮೆಟ್ಟಿಲು ಜಾರುವುದಕ್ಕೆ ಏನು ಮಾಡಬೇಕು? ಉಜ್ಜಬೇಕು, ಅಷ್ಟೇ. ಗಟ್ಟಿ ನಾರಿನ ಬ್ರಶ್ಶು, ಹಿಡಿ ಉದ್ದದ್ದು, ಜನ ಇಳಿಯುವ ಜಾಗದಲ್ಲಿ ಮಾತ್ರ, ಹಬ್ಬದ ದಿನಗಳಲ್ಲಿ ದಿನಾ ಬೆಳಗ್ಗೆ. ಒಬ್ಬರಿಗೆ ಕೂಲಿ ಕೊಟ್ಟರೆ ಆಗುವ ಕೆಲಸ, ಅವರಿಗೆ ಗಮ್‌ಬೂಟು ಮತ್ತು ಸೊಂಟಕ್ಕೆ ಹಗ್ಗ ಕೊಡುವುದನ್ನು ಮರೆಯಬೇಡಿ. ಕಿತ್ತ ಪದರ ಹೊಳೆಯಲ್ಲಿ ತೇಲಿ ಹೋದರೆ ತೊಂದರೆ ಇಲ್ಲ, ಮೀನು ತಿನ್ನುತ್ತದೆ. ಮುಂದೆ ಮೆಟ್ಟಿಲು ಕಟ್ಟುವಾಗ ಟೆಂಡರ್‌ನಲ್ಲೇ ಒರಟು ಕಲ್ಲು ಅಂತ ಬರೆಸಿ, ಅಡ್ಡ ಗೀರು ಹಾಕಿಸಿ, ಹಿಡಿದುಕೊಳ್ಳಲು ಸರಪಳಿಯೋ ಕಂಬಿಯೋ ನಿಲ್ಲಿಸಿ. ಈಗಾಗಲೇ ನಯ ಕಲ್ಲು ಹಾಕಿಸಿದ ಕಡೆ ಉಳಿಯಿಂದ ಚುಚ್ಚಿಸಿ ಒರಟು ಮಾಡಿಸಬಹುದು.

ಜಲಪಾತಗಳ ಕಡೆ ಬಂಡೆ ಹತ್ತಿ ಸೆಲ್ಫಿ ತೆಗೆಯುವವರ ವಿಷಯ ಬೇರೆ. ಅಲ್ಲಿ ಉಜ್ಜಿ ಮುಗಿಯುವುದಿಲ್ಲ, ಉಜ್ಜಲೂಬಾರದು. ತಡೆಗೋಡೆ ಇರಲಿ, ಕಾವಲಿಗೆ ಜನ ಇರಲಿ. "ಎಚ್ಚರಿಕೆ" ಅಂತ ಒಂದೇ ಪದ ಬರೆದ ಬೋರ್ಡಿನ ಬದಲು, ಒದ್ದೆ ಬಂಡೆಯ ಮೇಲೆ ಒಳ್ಳೆ ಶೂ ಇದ್ದರೂ ಹಿಡಿತ ಸಿಗಲ್ಲ ಅಂತ ಬರೆಸಿದರೆ ನಾಲ್ಕು ಜನರಾದರೂ ಹಿಂದೆ ಸರಿಯಬಹುದು.

ಒಂದು ಮಾತು ತಪ್ಪು ತಿಳಿಯಬಾರದು ಅಂತ ಹೇಳುತ್ತೇನೆ. ಕುಡಿಯುವ ನೀರಿನ ಟ್ಯಾಂಕಿಗೆ, ಬಾವಿಗೆ ಕ್ಲೋರಿನ್ ಬೇಕೇ ಬೇಕು, ಅದನ್ನು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲೂ ಇದೇ ಲೋಳೆ ಟ್ಯಾಂಕಿನ ಒಳಗೋಡೆಗೆ ಹತ್ತಿರುತ್ತದೆ, ರೋಗದ ಬ್ಯಾಕ್ಟೀರಿಯಾ ಅದರೊಳಗೆ ಬೆಚ್ಚಗೆ ಕೂತಿರಬಹುದು. ಮೊದಲು ನೀರು ಖಾಲಿ ಮಾಡಿ ಗೋಡೆ ಉಜ್ಜಿ, ಆಮೇಲೆ ಪೌಡರ್. ಉಜ್ಜದೆ ಮೇಲಿಂದ ಪುಡಿ ಹಾಕಿ ಏಣಿ ಇಳಿದು ಬಂದರೆ ರಿಜಿಸ್ಟರ್‌ನಲ್ಲಿ ಸಹಿ ಹಾಕೋಕೆ ಮಾತ್ರ ಆಯಿತು.

ಜಿಲ್ಲಾಧಿಕಾರಿಗಳಲ್ಲಿ ನನ್ನ ವಿನಂತಿ ಇದು. ಹರಿಯುವ ನೀರಿಗೆ ಬ್ಲೀಚಿಂಗ್ ಪೌಡರ್, ಮೈಲುತುತ್ತ ಹಾಕಬಾರದು ಅಂತ ಒಂದು ಸುತ್ತೋಲೆ ಕಳಿಸಿ. ಡಿಸೆಂಬರ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ, ಪ್ರತಿ ಸ್ನಾನಘಟ್ಟದಲ್ಲಿ, ದೊಡ್ಡ ಪಲ್ಪಿಂಗ್ ಘಟಕಗಳ ಮತ್ತು ಪಟ್ಟಣದ ಚರಂಡಿಗಳ ಮೇಲೂ ಕೆಳಗೂ, ಕಲ್ಲು ಎತ್ತಿ ಫೋಟೋ ತೆಗೆಯಲು ಯಾರಿಗಾದರೂ ಹೇಳಿ. ಬೂದು ಪದರ ಕಂಡರೆ ಅಲ್ಲಿಂದ ಹೊಳೆಯ ಮೇಲ್ಮುಖವಾಗಿ ನಡೆಯುತ್ತ ಹೋಗಲಿ. ಎಲ್ಲಿ ಪದರ ನಿಲ್ಲುತ್ತದೋ ಅಲ್ಲೇ ಅಕ್ಕಪಕ್ಕದಲ್ಲಿ ಒಂದು ಪೈಪೋ ಕಾಲುವೆಯೋ ಸಿಗುತ್ತದೆ. ಆ ಪೈಪು ದೊಡ್ಡವರದ್ದೋ ನಮ್ಮ ಹಾಗೆ ಸಣ್ಣವರದ್ದೋ ಅಂತ ನೋಡದೆ ನೋಟಿಸ್ ಕೊಡಿ. ಗುಂಡಿ ಮಾಡಿಸಲು ಕೈಯಲ್ಲಿ ದುಡ್ಡಿಲ್ಲದ ಸಣ್ಣ ಬೆಳೆಗಾರರಿಗೆ ಸಹಾಯಧನ ಸಿಗುವ ಹಾಗೆ ಮಾಡಿದರೆ ಇನ್ನೂ ಒಳ್ಳೆಯದು, ಬರೀ ದಂಡ ಹಾಕಿದರೆ ನೀರು ಬಿಡುವುದು ನಿಲ್ಲಲ್ಲ, ಪೈಪು ಇನ್ನಷ್ಟು ಪೊದೆಯೊಳಗೆ ಹೋಗುತ್ತದೆ.

ಹಾಗೆಯೇ, ಪಲ್ಪರ್‌ಗಳು ಶುರುವಾಗುವುದಕ್ಕೆ ಮುಂಚೆ, ಹೊಳೆ ಚೊಕ್ಕವಾಗಿರುವ ಈ ಹೊತ್ತಿನಲ್ಲೇ ಎಲ್ಲ ಸ್ನಾನಘಟ್ಟಗಳ ಕಲ್ಲುಗಳ ಮೊದಲ ಫೋಟೋ ತೆಗೆಸಿಡಿ. ಜನವರಿಯಲ್ಲಿ ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ಇಂತಿ,
ಕಾವೇರಿ ದಂಡೆಯ ಒಬ್ಬ ಸಣ್ಣ ಬೆಳೆಗಾರ